ಹೃದಯದ ಮಾತು: ಸ್ಟೇಷನ್ ಮೆಟ್ಟಿಲು ಹೇಳುವುದನ್ನು ಕೇಳಿಸಿಕೊಳ್ಳಿ



ಮುಂಬಯಿಯಲ್ಲಿ ಬದುಕುವ ನಮಗೆ ದಿನಕ್ಕೆ ಹತ್ತು ಕಿರಿಕಿರಿ. ಮೂರನೇ ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತ ನಿಂತಿದ್ದರೆ, ಗಾಡಿ ಐದಕ್ಕೆ ಬರುತ್ತದೆ ಎಂದು ಕೊನೇ ಗಳಿಗೆಯಲ್ಲಿ ಕೂಗುತ್ತಾರೆ. ಬ್ರಿಜ್ ಹತ್ತಿ ಓಡಬೇಕು. ಎಸ್ಕಲೇಟರ್ ಅವತ್ತೇ ಕೆಟ್ಟಿರುತ್ತದೆ. ಸಾಯಂಕಾಲ ದಣಿದು ಮನೆಗೆ ಬಂದರೆ ಸೊಸೈಟಿಯ ಲಿಫ್ಟಿಗೆ ‘ಬಂದ್’ ಬೋರ್ಡು. ಹಾಗೆಯೇ ಹತ್ತು ಸಣ್ಣ ಸುಖಗಳೂ ಇವೆ. ಠಾಣೆ ದಾಟುತ್ತಲೇ ಸಿಕ್ಕಿಬಿಡುವ ಕಿಟಕಿ ಸೀಟು, ಆಫೀಸಿನ ಕೆಳಗಿನ ಕಟಿಂಗ್ ಚಹಾ, ಮಾಟುಂಗದಲ್ಲಿ ಇಳಿದಾಗ ಒಂದು ಫಿಲ್ಟರ್ ಕಾಫಿ, ಸಂಜೆಯ ಗಾಡಿಯಲ್ಲಿ ತಾಳ ಹಿಡಿದು ಭಜನೆ ಹೇಳುವ ಗುಂಪು.

ಹೃದಯದ ಡಾಕ್ಟರಿಗೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ‘ಎದೆ ನೋವು ಇದೆಯೇ?’ ಎಂದು ಕೇಳಿದರೆ ನಮ್ಮ ಜನ ಹೆಚ್ಚಾಗಿ ‘ಇಲ್ಲ ಡಾಕ್ಟ್ರೇ’ ಎನ್ನುತ್ತಾರೆ. ‘ನೀವು ಇಳಿಯುವ ಸ್ಟೇಷನ್ ಯಾವುದು? ಅಲ್ಲಿನ ಬ್ರಿಜ್ಜನ್ನು ಹೋದ ವರ್ಷ ಹತ್ತುತ್ತಿದ್ದ ಹಾಗೇ ಈಗಲೂ ಹತ್ತುತ್ತೀರಾ?’ ಎಂದು ಕೇಳಿದರೆ ಉತ್ತರ ಬೇರೆಯೇ ಬರುತ್ತದೆ. ‘ಈಗ ಮಧ್ಯದಲ್ಲಿ ಒಮ್ಮೆ ನಿಲ್ಲಬೇಕಾಗುತ್ತದೆ. ವಯಸ್ಸಾಯ್ತಲ್ಲ, ರಶ್ಶೂ ಜಾಸ್ತಿ.’

ಹೀಗೆ ಮಧ್ಯದಲ್ಲಿ ಒಮ್ಮೆ ನಿಲ್ಲುವ ಬಗ್ಗೆಯೇ ಈ ಕಂತಿನ ಪಾಠ.

*1. ಮೆಟ್ಟಿಲು ಶತ್ರುವಲ್ಲ*

ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ನೌಕರರ ಬಗ್ಗೆ ಜೆರ್ರಿ ಮಾರಿಸ್ ಎಂಬ ವೈದ್ಯ ವಿಜ್ಞಾನಿ ಮತ್ತು ಅವರ ಸಂಗಡಿಗರು ಮಾಡಿದ ಅಧ್ಯಯನ 1953ರಲ್ಲಿ ಪ್ರಕಟವಾಯಿತು. ಡ್ರೈವರು ಮತ್ತು ಕಂಡಕ್ಟರು ಒಂದೇ ಬಸ್ಸಿನವರು. ಆದರೆ ಡ್ರೈವರ್ ಪಾಳಿಯ ಹೆಚ್ಚಿನ ಹೊತ್ತು ಕುಳಿತೇ ಇರುತ್ತಾನೆ. ಕಂಡಕ್ಟರ್ ಟಿಕೆಟ್ ಕೊಡುತ್ತ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಾನೆ. ಹೃದಯದ ಕಾಯಿಲೆ ಕಂಡಕ್ಟರುಗಳಲ್ಲಿ ಕಡಿಮೆ ಕಂಡುಬಂತು. ಬಂದವರಲ್ಲೂ ಅದು ತಡವಾಗಿ, ಸೌಮ್ಯವಾಗಿ ಬಂದಿತ್ತು. ಡ್ರೈವರುಗಳ ಮೈತೂಕದಂಥ ಬೇರೆ ಕಾರಣಗಳ ಬಗ್ಗೆಯೂ ಆಮೇಲೆ ಚರ್ಚೆ ನಡೆಯಿತು. ಆದರೂ ಮೈ ಅಲುಗಿಸುವ ಕೆಲಸ ಹೃದಯವನ್ನು ಕಾಪಾಡುತ್ತದೆ ಎಂಬ ಮೂಲ ಮಾತನ್ನು ಮುಂದಿನ ಅಧ್ಯಯನಗಳು ಗಟ್ಟಿ ಮಾಡಿದವು.

ನಮ್ಮ ಬೆಸ್ಟ್‌ನ ಹಳೆಯ ಕೆಂಪು ಡಬಲ್ ಡೆಕ್ಕರ್‌ಗಳು 2023ರ ಸೆಪ್ಟೆಂಬರಿನಲ್ಲಿ ನಿವೃತ್ತವಾದವು. ಸ್ಟೇಷನ್ನಿನ ಬ್ರಿಜ್ ಮಾತ್ರ ದಿನಾ ಇದ್ದೇ ಇದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರಕ್ಕೆ 150 ನಿಮಿಷದ ಚುರುಕಾದ ನಡಿಗೆ, ಲೋಕಲ್‌ನಲ್ಲಿ ಓಡಾಡುವ ಅನೇಕರಿಗೆ ಪ್ರತ್ಯೇಕ ಪ್ರಯತ್ನವಿಲ್ಲದೆಯೇ ಆಗಿಬಿಡುತ್ತದೆ. ಕೋವಿಡ್ ನಂತರ ಮನೆಯಿಂದಲೇ ಕೆಲಸ ಮಾಡುವವರು ಮತ್ತು ನಿವೃತ್ತರಾದವರು ಮಾತ್ರ ಆ ನಿಮಿಷಗಳನ್ನು ಬೇರೆಲ್ಲಿ ತುಂಬಿಕೊಳ್ಳುತ್ತೀರಿ ಎಂದು ಯೋಚಿಸಬೇಕು.

*2. ನಿಮ್ಮ ಬ್ರಿಜ್, ನಿಮ್ಮ ಅಳತೆ*

ಹೃದಯದ ರಕ್ತನಾಳ ಕಿರಿದಾದಾಗ ಆಗುವುದೇನು? ನಮ್ಮ ಕಟ್ಟಡದ ನೀರಿನ ಪೈಪನ್ನು ನೆನಪಿಸಿಕೊಳ್ಳಿ. ಒಳಗೆ ತುಕ್ಕು ಕಟ್ಟಿದ ಪೈಪಿನಲ್ಲಿ ಮಧ್ಯರಾತ್ರಿ ಒಂದು ನಲ್ಲಿಗೆ ನೀರು ಸಾಕಾಗುತ್ತದೆ. ಬೆಳಿಗ್ಗೆ ಎಲ್ಲ ಮನೆಯವರೂ ನಲ್ಲಿ ತಿರುಗಿಸಿದಾಗ ಮೇಲಿನ ಮಹಡಿಗೆ ನೀರು ಏರುವುದಿಲ್ಲ. ಹೃದಯವೂ ಹಾಗೆಯೇ. ಕುಳಿತಾಗ ಏನೂ ಗೊತ್ತಾಗುವುದಿಲ್ಲ. ಮೆಟ್ಟಿಲು ಹತ್ತುವಾಗ ಹೃದಯದ ಸ್ನಾಯು ಹೆಚ್ಚು ರಕ್ತ ಕೇಳುತ್ತದೆ, ಕಿರಿದಾದ ನಾಳದಿಂದ ಅಷ್ಟು ಬರುವುದಿಲ್ಲ. ಎದೆ ಬಿಗಿಯುತ್ತದೆ. ಎರಡು ನಿಮಿಷ ನಿಂತರೆ ಹೋಗುತ್ತದೆ. ಇದಕ್ಕೆ ಆಂಜೈನಾ ಎಂದು ಹೆಸರು. ನಿಂತ ಕೂಡಲೇ ಹೋಗುವುದರಿಂದಲೇ ಜನ ಅದನ್ನು ಮರೆತುಬಿಡುತ್ತಾರೆ.

ಪಕ್ಕದವರ ಜೊತೆ ನಿಮ್ಮನ್ನು ಹೋಲಿಸಿಕೊಳ್ಳಬೇಡಿ. ನಿಮ್ಮನ್ನು ನಿಮ್ಮ ಜೊತೆಗೇ ಹೋಲಿಸಿಕೊಳ್ಳಿ. ಆರು ತಿಂಗಳ ಹಿಂದೆ ಒಂದೇ ಉಸಿರಿಗೆ ಹತ್ತುತ್ತಿದ್ದ ಬ್ರಿಜ್ ಇದೇ, ಚೀಲದ ಭಾರವೂ ಅಷ್ಟೇ. ಈಗ ಈ ಕೆಳಗಿನ ಯಾವುದಾದರೂ ಹೊಸದಾಗಿ ಶುರುವಾಗಿದೆಯೇ?

– ಎದೆಯ ನಡುವೆ ಬಿಗಿತ, ಭಾರ, ಉರಿ ಅಥವಾ ಹಿಂಡಿದ ಹಾಗೆ ಆಗುವುದು
– ದವಡೆ, ಗಂಟಲು, ಎಡಗೈ, ಬೆನ್ನು ಅಥವಾ ಹೊಟ್ಟೆಯ ಮೇಲ್ಭಾಗದಲ್ಲಿ ನಡೆದಾಗ ಬಂದು, ನಿಂತಾಗ ಹೋಗುವ ನೋವು
– ಮೊದಲಿಗಿಂತ ಬೇಗ ಏದುಸಿರು
– ಕಾರಣವಿಲ್ಲದೆ ತಣ್ಣನೆಯ ಬೆವರು, ತಲೆ ಹಗುರಾಗುವುದು
– ಊಟ ಮಾಡಿ ನಡೆದರೆ ಕಷ್ಟ, ಖಾಲಿ ಹೊಟ್ಟೆಯಲ್ಲಿ ನಡೆದರೆ ಅಷ್ಟಿಲ್ಲ

ಒಂದಿದ್ದರೂ ಈ ವಾರವೇ ವೈದ್ಯರಿಗೆ ತೋರಿಸಿ.

‘ಗ್ಯಾಸ್ ಆಗಿದೆ’ ಎಂಬುದು ನಾವು ದಿನಾ ಕೇಳುವ ಮಾತು. ನಿಜವಾದ ಗ್ಯಾಸಿಗೆ ನೀವು ಮೆಟ್ಟಿಲು ಹತ್ತುತ್ತಿದ್ದೀರೋ ಸೋಫಾದಲ್ಲಿ ಕುಳಿತಿದ್ದೀರೋ ಎಂಬ ಲೆಕ್ಕ ಇರುವುದಿಲ್ಲ. ಪ್ರತಿ ಸಲ ನಡೆದಾಗಲೇ ಬಂದು ನಿಂತಾಗಲೇ ಹೋಗುವ ‘ಗ್ಯಾಸ್’ ಹೃದಯದ್ದಿರಬಹುದು. ಇನ್ನೊಂದು ಮುಖ್ಯ ವಿಷಯ: ಮಲಗಿಸಿ ತೆಗೆದ ಇಸಿಜಿ ನಾರ್ಮಲ್ ಬಂದ ಮಾತ್ರಕ್ಕೆ ನಿಶ್ಚಿಂತೆ ಬೇಡ. ತುಕ್ಕು ಹಿಡಿದ ಪೈಪನ್ನು ಮಧ್ಯರಾತ್ರಿ ಪರೀಕ್ಷಿಸಿದ ಹಾಗೆ ಅದು. ಅಗತ್ಯವಿದ್ದರೆ ವೈದ್ಯರು ಎಕೋ, ಸ್ಟ್ರೆಸ್ ಟೆಸ್ಟ್ ಮುಂತಾದವನ್ನು ಹೇಳುತ್ತಾರೆ.

ಏದುಸಿರೆಲ್ಲ ಹೃದಯದ್ದೇ ಎಂದು ಹೆದರುವುದೂ ಬೇಡ. ರಕ್ತಹೀನತೆ, ಥೈರಾಯ್ಡ್, ಅಸ್ತಮಾ, ತೂಕ, ಅಭ್ಯಾಸ ತಪ್ಪಿರುವುದು ಎಲ್ಲವೂ ಕಾರಣ ಆಗಬಹುದು. ಅಭ್ಯಾಸ ತಪ್ಪಿ ಬಂದ ಏದುಸಿರು ದಿನಾ ನಡೆದರೆ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ. ಹೃದಯದ್ದಾದರೆ ಹೆಚ್ಚುತ್ತ ಹೋಗಬಹುದು. ಯಾವುದು ಎಂದು ತೀರ್ಮಾನಿಸುವ ಕೆಲಸ ವೈದ್ಯರಿಗೆ ಬಿಡಿ.

*3. ಅಮ್ಮಂದಿರಿಗೆ, ಅಕ್ಕಂದಿರಿಗೆ*

ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ಎದೆ ನೋವು ಎದ್ದು ಕಾಣದೆ, ಬರೀ ಸುಸ್ತು, ವಾಕರಿಕೆ, ಬೆನ್ನು ನೋವು, ಉಸಿರು ಸಾಲದಿರುವುದು ಮಾತ್ರ ಕಾಣಿಸಬಹುದು. ಆದರೆ ಮನೆಯಲ್ಲಿ ಅಮ್ಮ ‘ಸುಸ್ತು’ ಎಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಅವರೂ ಎರಡನೇ ಸಲ ಹೇಳುವುದಿಲ್ಲ, ಡಬ್ಬಿ ಕಟ್ಟಿಕೊಟ್ಟೇ ಕುಳಿತುಕೊಳ್ಳುತ್ತಾರೆ. ಮಕ್ಕಳಿಗೆ ಹೇಳುತ್ತೇನೆ: ಅಮ್ಮ ಮಾರ್ಕೆಟ್ಟಿಗೆ ಹೋಗುವುದನ್ನು ಬಿಟ್ಟು ಎಲ್ಲವನ್ನೂ ಫೋನಿನಲ್ಲೇ ತರಿಸುತ್ತಿದ್ದರೆ, ಮೂರನೇ ಮಹಡಿಯ ಗೆಳತಿಯ ಮನೆಗೆ ಹೋಗುವುದನ್ನು ನಿಲ್ಲಿಸಿದ್ದರೆ, ಯಾಕೆ ಎಂದು ಕೇಳಿ. ಕಷ್ಟವಾಗುವ ಕೆಲಸವನ್ನೇ ಬಿಟ್ಟುಬಿಟ್ಟರೆ ಕಷ್ಟ ಕಾಣಿಸುವುದೇ ಇಲ್ಲ.

*4. ಹೋಗದ ನೋವು ಬಂದರೆ*

ಸುಮ್ಮನೆ ಕುಳಿತಾಗಲೇ ಬಂದ, ಅಥವಾ ನಿಂತು ಐದು ನಿಮಿಷವಾದರೂ ಹೋಗದ ಎದೆ ಬಿಗಿತಕ್ಕೆ ‘ಮನೆಗೆ ಹೋಗಿ ನೋಡೋಣ’ ಎನ್ನಬೇಡಿ. ದಾದರ್‌ನಲ್ಲಿ ನೋವು ಶುರುವಾದರೆ ಡೊಂಬಿವಲಿ ತಲುಪುವುದು ಗುರಿಯಾಗಬಾರದು. ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಕುಳಿತು, ಸ್ಟೇಷನ್ ಮಾಸ್ತರಿಗೋ ಪೊಲೀಸರಿಗೋ ಹೇಳಿ. ರೈಲ್ವೆ ಸಹಾಯವಾಣಿ 139, ಆಂಬುಲೆನ್ಸ್ 108. ಹೃದಯಾಘಾತದಲ್ಲಿ ಮೊದಲ ಒಂದು ಗಂಟೆ ಬಹಳ ಬೆಲೆಯುಳ್ಳದ್ದು. ತಡವಾದಷ್ಟೂ ಹೃದಯದ ಸ್ನಾಯು ಸಾಯುತ್ತ ಹೋಗುತ್ತದೆ. ಸತ್ತ ಭಾಗವನ್ನು ಆಮೇಲೆ ಯಾವ ಸ್ಟೆಂಟೂ ಬದುಕಿಸಲಾರದು.

ಆಸ್ಪಿರಿನ್ ಅಲರ್ಜಿಯಾಗಲಿ, ರಕ್ತಸ್ರಾವದ ತೊಂದರೆಯಾಗಲಿ ಇಲ್ಲದವರು 300 ಅಥವಾ 325 ಮಿ.ಗ್ರಾಂ ಆಸ್ಪಿರಿನ್ ಅಗಿದು ನುಂಗಬಹುದು. ಸಂಶಯವಿದ್ದರೆ ಫೋನಿನಲ್ಲಿ ವೈದ್ಯರನ್ನು ಕೇಳಿ. ನಾಲಿಗೆಯ ಕೆಳಗಿಡುವ ಸಾರ್ಬಿಟ್ರೇಟನ್ನು ನಿಮಗೆ ಬರೆದುಕೊಟ್ಟಿದ್ದರೆ ಮಾತ್ರ, ಅದೂ ಕುಳಿತುಕೊಂಡೇ ಇಟ್ಟುಕೊಳ್ಳಿ. ಬಿಪಿ ಒಮ್ಮೆಲೇ ಇಳಿದು ಬೀಳುವ ಅಪಾಯ ಇದೆ. ಪಕ್ಕದ ಮನೆಯವರ ಮಾತ್ರೆ ಬೇಡ. ಸ್ವತಃ ಸ್ಕೂಟರ್ ಓಡಿಸಿಕೊಂಡು ಆಸ್ಪತ್ರೆಗೆ ಹೋಗುವುದಂತೂ ಬೇಡವೇ ಬೇಡ.

*5. ಊರಿಗೆ ಹೊರಡುವ ಮೊದಲು*

‘ಊರಿಗೆ ಹೋಗಿ ಬಂದ ಮೇಲೆ ತೋರಿಸುತ್ತೇನೆ ಡಾಕ್ಟ್ರೇ. ಮದುವೆ ಇದೆ, ಟಿಕೆಟ್ ಆಗಿದೆ.’ ನನಗೆ ಅತಿ ಹೆಚ್ಚು ಚಿಂತೆ ತರುವ ಮಾತು ಇದು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡಲು ಶುರುವಾದ ಮೇಲೆ ಕರಾವಳಿಯ ನಮ್ಮವರ ಪ್ರಯಾಣ ಸುಲಭವಾಗಿದೆ ನಿಜ. ಮಧ್ಯಾಹ್ನ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ ಮತ್ಸ್ಯಗಂಧ ಹತ್ತಿದರೆ ಮರುದಿನ ಬೆಳಿಗ್ಗೆ ಉಡುಪಿ, ಮಂಗಳೂರು. ಆದರೆ ಆ ರಾತ್ರಿಯ ದಾರಿ ಗುಡ್ಡ, ಕಣಿವೆ, ಸುರಂಗಗಳದ್ದು. ರತ್ನಾಗಿರಿಯ ಹತ್ತಿರದ ಕರ್ಬುಡೆ ಸುರಂಗವೊಂದೇ ಆರೂವರೆ ಕಿಲೋಮೀಟರ್. ಮುಂಬಯಿಯಲ್ಲಿ ಸುಲಭವಾಗಿ ಸಿಗುವ ಆಂಜಿಯೋಪ್ಲಾಸ್ಟಿ ಅಲ್ಲಿ ನಡುರಾತ್ರಿ ಕೈಗೆಟುಕುವುದಿಲ್ಲ. ಹೊಸದಾಗಿ ಶುರುವಾದ ಎದೆ ಬಿಗಿತ ಇದ್ದರೆ ಟಿಕೆಟ್ ರದ್ದು ಮಾಡಿ, ಮೊದಲು ತೋರಿಸಿ. ಟಿಕೆಟ್ಟಿನ ಹಣ ಹೋದರೆ ಹೋಗಲಿ.

ಆರೋಗ್ಯ ಸ್ಥಿರವಾಗಿರುವವರು ಆರಾಮವಾಗಿ ಹೋಗಿ ಬನ್ನಿ. ಇಷ್ಟು ನೆನಪಿರಲಿ:

– ಮಾತ್ರೆಗಳು ಸೀಟಿನ ಕೆಳಗಿನ ಸೂಟ್‌ಕೇಸಿನಲ್ಲಲ್ಲ, ಕೈಚೀಲದಲ್ಲಿರಲಿ. ಎರಡು ಮೂರು ದಿನದ್ದು ಹೆಚ್ಚಿಗೆ ಇಟ್ಟುಕೊಳ್ಳಿ. ಮಾತ್ರೆ ಚೀಟಿ ಮತ್ತು ಹಳೆಯ ಇಸಿಜಿಯ ಫೋಟೋ ಫೋನಿನಲ್ಲಿರಲಿ.
– ಗಾಡಿಯ ಶೌಚಾಲಯಕ್ಕೆ ಹೇಸಿ ಬಹಳ ಮಂದಿ, ಮುಖ್ಯವಾಗಿ ಹೆಂಗಸರು, ನೀರನ್ನೇ ಕುಡಿಯುವುದಿಲ್ಲ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಯನ್ನೂ ಬಿಡುತ್ತಾರೆ. ಎರಡೂ ತಪ್ಪು. ಮಾತ್ರೆಯ ಹೊತ್ತು ಬದಲಿಸಬಹುದೇ ಎಂದು ಮೊದಲೇ ವೈದ್ಯರನ್ನು ಕೇಳಿ, ಹೆಚ್ಚಾಗಿ ದಾರಿ ಇರುತ್ತದೆ. ನೀರು ಕಡಿಮೆ ಕುಡಿಯಿರಿ ಎಂದು ವೈದ್ಯರೇ ಹೇಳಿರುವವರು ಮಾತ್ರ ಆ ಅಳತೆ ಮೀರಬೇಡಿ.
– ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬೇಡಿ. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಮಾತ್ರೆಗಳನ್ನು ಥಟ್ಟನೆ ನಿಲ್ಲಿಸುವುದೂ ಅಪಾಯ.
– ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಕುಳಿತ ಪ್ರಯಾಣದಲ್ಲಿ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಸಂಭವ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತು. ಆರೋಗ್ಯವಂತರಿಗೆ ಆಗಲೂ ಅದು ಸುಮಾರು 6,000ಕ್ಕೆ ಒಬ್ಬರಿಗೆ ಮಾತ್ರ. ಗಂಟೆಗೊಮ್ಮೆ ಎದ್ದು ಓಡಾಡಿ. ಸ್ಲೀಪರ್ ಬಸ್ಸಿನಲ್ಲಾದರೆ ಪಾದಗಳನ್ನು ಮೇಲೆ ಕೆಳಗೆ ಆಡಿಸಿ. ಒಂದೇ ಕಾಲು ಊದಿ ನೋಯುತ್ತಿದ್ದರೆ ತಡ ಮಾಡದೆ ತೋರಿಸಿ.
– ಊರಿಂದ ಬರುವಾಗ ತೆಂಗಿನಕಾಯಿಯ ಚೀಲವನ್ನು ಒಬ್ಬರೇ ಎತ್ತಿ ಬ್ರಿಜ್ ಹತ್ತಬೇಡಿ. ಕೂಲಿಯವರಿಗೆ ಕೊಡಿ.
– ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ತನ್ನಿ, ತಿನ್ನಿ. ಆದರೆ ಇಡೀ ದಿನಕ್ಕೆ ಉಪ್ಪು 5 ಗ್ರಾಂಗಿಂತ ಕಡಿಮೆ ಇರಬೇಕು, ಅಂದರೆ ಎಲ್ಲ ಸೇರಿ ಒಂದು ಚಿಕ್ಕ ಚಮಚ. ಮಿಡಿ ತಿಂದ ದಿನ ಹಪ್ಪಳ ಬೇಡ.

*6. ಸುಖಗಳನ್ನು ಬಿಡಬೇಡಿ*

ಹೃದಯದ ಕಾಯಿಲೆ ಬಂದ ಕೂಡಲೇ ಜನ ಮೊದಲು ಬಿಡುವುದು ಸಂತೋಷಗಳನ್ನು. ‘ಇನ್ನು ಎಲ್ಲಿಗೂ ಬೇಡ’ ಎಂದು ಮನೆಯಲ್ಲಿ ಕುಳಿತುಬಿಡುತ್ತಾರೆ. ನಿವೃತ್ತರಾದವರಿಗೆ ಮೂವತ್ತು ವರ್ಷದ ಗಾಡಿಯ ಗೆಳೆಯರೂ ಒಂದೇ ದಿನ ಕೈತಪ್ಪುತ್ತಾರೆ. ಒಂಟಿತನ ಮತ್ತು ಜನಸಂಪರ್ಕ ಇಲ್ಲದಿರುವಿಕೆಯ ಜೊತೆ ಹೃದಯದ ಕಾಯಿಲೆಯ ಸಂಭವ ಸುಮಾರು 29 ಶೇಕಡಾ ಹೆಚ್ಚಿರುತ್ತದೆ ಎಂದು, ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2016ರ ವಿಶ್ಲೇಷಣೆಯೊಂದು ತೋರಿಸಿತು. ಹಾಗಾಗಿ ನಿಮ್ಮ ಉಪನಗರದ ಕನ್ನಡ ಸಂಘಕ್ಕೆ, ಮಾಟುಂಗದ ಮೈಸೂರು ಅಸೋಸಿಯೇಷನ್ನಿನ ನಾಟಕಕ್ಕೆ, ಭಜನೆಗೆ ಹೋಗಿ. ರಶ್ ಇಲ್ಲದ ಹೊತ್ತಿನ ಗಾಡಿ ಹಿಡಿಯಿರಿ. ವೈದ್ಯರು ಒಪ್ಪಿದ್ದರೆ ಮೆಟ್ಟಿಲನ್ನೂ ನಿಧಾನವಾಗಿ ಹತ್ತಿ. ಕಟಿಂಗ್ ಚಹಾವೂ ಇರಲಿ, ಸಕ್ಕರೆ ಕಡಿಮೆ ಹಾಕಿಸಿ. ಜೊತೆಗಿನ ಸಿಗರೇಟು ಮಾತ್ರ ಪೂರ್ತಿ ಬಿಡಬೇಕು, ಅದರಲ್ಲಿ ಅರ್ಧ ಎಂಬುದಿಲ್ಲ.

*ಈ ವಾರದ ಮನೆಗೆಲಸ*

ನಿಮ್ಮ ಸ್ಟೇಷನ್ನಿನ ಬ್ರಿಜ್ಜನ್ನೋ ಮನೆಯ ಮೆಟ್ಟಿಲನ್ನೋ ಎಂದಿನ ವೇಗದಲ್ಲಿ ಹತ್ತಿ, ಅವಸರ ಬೇಡ. ಎಲ್ಲಿ ನಿಂತಿರಿ, ಏನಾಯಿತು, ಎಷ್ಟು ಹೊತ್ತಿಗೆ ಸರಿಯಾಯಿತು ಎಂದು ಕ್ಯಾಲೆಂಡರಿನಲ್ಲಿ ಬರೆದಿಡಿ. ತಿಂಗಳಿಗೊಮ್ಮೆ ಹೀಗೆ ಬರೆಯಿರಿ. ಈಗಾಗಲೇ ಎದೆ ಬಿಗಿತ ಇರುವವರು ಈ ಪರೀಕ್ಷೆ ಮಾಡಬೇಡಿ, ನೇರ ವೈದ್ಯರ ಬಳಿ ಹೋಗಿ.

ಈ ಲೇಖನ ತಿಳಿವಳಿಕೆಗಾಗಿ ಮಾತ್ರ. ಇದನ್ನು ಓದಿ ಮಾತ್ರೆ ಬದಲಿಸಬೇಡಿ. ಮನೆಯವರ ಗ್ರೂಪಿಗೆ ಖಂಡಿತ ಕಳುಹಿಸಿ. ಕಳುಹಿಸಿ ಸುಮ್ಮನಾಗದೆ ಅಪ್ಪನಿಗೂ ಅಮ್ಮನಿಗೂ ಒಂದು ಫೋನ್ ಮಾಡಿ, ‘ಮೆಟ್ಟಿಲು ಹತ್ತುವಾಗ ಮಧ್ಯದಲ್ಲಿ ನಿಲ್ಲಬೇಕಾಗುತ್ತಾ?’ ಎಂದು ಕೇಳಿ.

ಮುಂದಿನ ಕಂತು: ಮನೆಯಲ್ಲಿ ಬಿಪಿ ನೋಡುವ ಸರಿಯಾದ ಕ್ರಮ.