ಕಳೆದದ್ದೋ, ಕಳವಾದದ್ದೋ?

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಅಣ್ಣನ ಮೊಬೈಲ್ ಹೋಯಿತು. ಅವನು ದೊಡ್ಡಬಳ್ಳಾಪುರದ ಅಪೆರಲ್ ಪಾರ್ಕಿನಲ್ಲಿ ಕೆಲಸ ಮಾಡುತ್ತಾನೆ. ಅವತ್ತು ಬೆಳಿಗ್ಗೆ ಬಸ್ಸಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಟಿಕೆಟ್ ತೆಗೆದುಕೊಳ್ಳುವಾಗ ಜೇಬಿನಲ್ಲಿದ್ದದ್ದು ಇಳಿದು ನೋಡಿದರೆ ಇಲ್ಲ. 16,500 ರೂಪಾಯಿಯ ಫೋನು, ಹತ್ತು ತಿಂಗಳ ಕಂತು, ಕಟ್ಟಿದ್ದು ನಾಲ್ಕೇ. ಆದರೂ ಮನೆಯಲ್ಲಿ ಯಾರೂ ಹೆಚ್ಚು ಗಾಬರಿಯಾಗಲಿಲ್ಲ. ತೆಗೆದುಕೊಳ್ಳುವಾಗಲೇ 1,299 ರೂಪಾಯಿ ಕೊಟ್ಟು ವಿಮೆ ಮಾಡಿಸಿದ್ದೆವು. "ಏನೇ ಆದ್ರೂ ಕ್ಲೇಮ್ ಆಗುತ್ತೆ" ಎಂದು ಅಂಗಡಿಯವರು ಹೇಳಿದ್ದರು.

ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ವಿಮೆಯ ಪಾಠ ಓದಿದ್ದೇನೆಂದು ಕ್ಲೇಮ್ ಹಾಕುವ ಕೆಲಸ ನನ್ನ ತಲೆಗೆ ಬಂತು. ಆಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ತೊಂದರೆ ಬಿಲ್ಲಿನದು. ಬಿಲ್ಲಿನ ಫೋಟೊ ಇದ್ದದ್ದು ಕಳೆದುಹೋದ ಫೋನಿನಲ್ಲೇ! ಪುಣ್ಯಕ್ಕೆ ಡಬ್ಬಿಯನ್ನು ಅಮ್ಮಿ ಎಸೆದಿರಲಿಲ್ಲ. ಅದರ ಮೇಲೆ 15 ಅಂಕಿಗಳ ಐಎಂಇಐ ಸಂಖ್ಯೆ ಇತ್ತು. (ಫೋನು ಕೈಯಲ್ಲಿದ್ದಾಗ *#06# ಒತ್ತಿದರೂ ಅದು ಕಾಣುತ್ತದೆ. ಈಗಲೇ ನೋಟ್‌ಬುಕ್ಕಿನಲ್ಲಿ ಬರೆದಿಡಿ.) ಇನ್ನೊಂದು ತೊಡಕೆಂದರೆ ಬಿಲ್ಲು ಅಬ್ಬುವಿನ ಹೆಸರಿನಲ್ಲಿತ್ತು, ಸಾಲ ಅವರ ಆಧಾರ್ ಮೇಲೆ ಆಗಿದ್ದರಿಂದ. ವಿಮಾ ಹಿತಾಸಕ್ತಿ ಎಂದು ಪಾಠದಲ್ಲಿ ಓದುತ್ತೇವಲ್ಲ, ವಸ್ತು ಹೋದರೆ ಯಾರಿಗೆ ನಷ್ಟವೋ ಅವರೇ ವಿಮೆ ಕೇಳಬೇಕು ಎಂದು? ಹಾಗಾಗಿ ಅರ್ಜಿಗೆ ಅಬ್ಬುವೇ ಸಹಿ ಹಾಕಬೇಕಾಯಿತು.

ಎರಡನೆಯದು ಸಿಮ್. ಹಳೆಯದನ್ನು ನಿಲ್ಲಿಸಿ ಅದೇ ನಂಬರಿನ ಹೊಸ ಸಿಮ್ ತಂದೆವು. ಹೊಸ ಸಿಮ್‌ಗೆ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ, ಅಂದರೆ ಓಟಿಪಿಯೂ ಇಲ್ಲ. ನಮ್ಮ ವಿಮೆಯ ಕಾಗದದಲ್ಲಿ 48 ಗಂಟೆಯೊಳಗೆ ತಿಳಿಸಬೇಕೆಂದು ಇತ್ತು. ಅದರಲ್ಲಿ ಒಂದು ದಿನ ಹೀಗೆ ಹೋಯಿತು. ಓಟಿಪಿ ಬರಲು ಶುರುವಾದ ಮೇಲೆ ಪೊಲೀಸ್ ದೂರಿನ ಪ್ರತಿ ಮತ್ತು ಐಎಂಇಐ ಹಾಕಿ, ಕೇಂದ್ರ ದೂರಸಂಪರ್ಕ ಇಲಾಖೆಯ ಸಿಇಐಆರ್ ಜಾಲತಾಣದಲ್ಲಿ ಫೋನನ್ನು ಬ್ಲಾಕ್ ಮಾಡಿಸಿದೆವು. 2023ರ ಮೇ ತಿಂಗಳಿನಿಂದ ಈ ಸೌಲಭ್ಯ ದೇಶದ ಎಲ್ಲೆಡೆ ಸಂಚಾರ್ ಸಾಥಿಯಲ್ಲಿ ಸಿಗುತ್ತಿದೆ. ಬ್ಲಾಕ್ ಆದ ಫೋನಿಗೆ ಬೇರೆ ಯಾರ ಸಿಮ್ ಹಾಕಿದರೂ ನೆಟ್‌ವರ್ಕ್ ಸಿಗುವುದಿಲ್ಲ, ಯಾರಾದರೂ ಹಾಕಿ ನೋಡಿದರೆ ಪೊಲೀಸರಿಗೆ ಸುಳಿವು ಹೋಗುತ್ತದೆ. ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಿದ್ದೂ ಅವತ್ತೇ. ಅದನ್ನು ಮೊದಲ ದಿನವೇ ಮಾಡಬೇಕಿತ್ತು.

ಇಷ್ಟೆಲ್ಲ ಆದ ಮೇಲೆ ಅರ್ಜಿ ತಿರಸ್ಕಾರವಾಯಿತು.

ಕಾರಣ ಒಂದೇ ಪದ. ಮನೆಯಲ್ಲಿ ನಾವು "ಫೋನ್ ಗುಮ್ ಗಯಾ" ಎನ್ನುತ್ತೇವೆ. ಬಿದ್ದುಹೋದರೂ ಗುಮ್, ಯಾರಾದರೂ ಎಗರಿಸಿದರೂ ಗುಮ್. ಕನ್ನಡದಲ್ಲೂ "ಮೊಬೈಲ್ ಕಳೆದುಹೋಯ್ತು" ಎಂದರೆ ಎರಡೂ ಆಗಬಹುದು. ವಿಮೆಯ ಕಾಗದದಲ್ಲಿ ಹಾಗಲ್ಲ. ಅಣ್ಣ ಅವಸರದಲ್ಲಿ ಪೊಲೀಸರ ಇ-ಲಾಸ್ಟ್‌ನಲ್ಲಿ ವರದಿ ಹಾಕಿದ್ದ. ಅದು ಕಳೆದುಹೋದ ವಸ್ತುಗಳಿಗೆ ಇರುವುದು. ಸ್ವೀಕೃತಿ ತಕ್ಷಣ ಸಿಗುತ್ತದೆ, ಆದರೆ ಅದು ಎಫ್‌ಐಆರ್ ಅಲ್ಲ. ನಮ್ಮ ಪಾಲಿಸಿ ಕಳವಿಗೆ ಹಣ ಕೊಡುತ್ತದೆ, ಕಳೆದುಕೊಂಡದ್ದಕ್ಕೆ ಕೊಡುವುದಿಲ್ಲ. ಸಣ್ಣ ಅಕ್ಷರದ ಕಾಗದವನ್ನು ನಾನು ಪೂರ್ತಿ ಓದಿದ್ದು ಆಗಲೇ. ಕಳವು ಎಂದರೂ ಬಲಪ್ರಯೋಗವೋ ಬೆದರಿಕೆಯೋ ನಡೆದಿರಬೇಕು, ಇಲ್ಲವೇ ಬೀಗ ಒಡೆದಿರಬೇಕು ಎಂದು ಅದರಲ್ಲಿತ್ತು. ಬಸ್ಸಿನಲ್ಲಿ ಸದ್ದಿಲ್ಲದೆ ಜೇಬಿಗೆ ಕೈ ಹಾಕಿದ್ದರೆ ಅದು ಕಳವೇ, ಆದರೆ ಈ ಕಾಗದದ ಪ್ರಕಾರದ ಕಳವಲ್ಲ.

ಇದು ಅನ್ಯಾಯ ಎಂದು ನನಗೂ ಅನ್ನಿಸಿತು. ಆದರೆ ಇಂಥ ಷರತ್ತಿನ ಬಗ್ಗೆ ಸುಪ್ರೀಂ ಕೋರ್ಟ್ 2004ರಲ್ಲೇ ತೀರ್ಪು ಕೊಟ್ಟಿದೆ, ಹರ್‌ಚಂದ್ ರಾಯ್ ಚಂದನ್ ಲಾಲ್ ಎಂಬ ವ್ಯಾಪಾರಿ ಸಂಸ್ಥೆಯ ದಾಸ್ತಾನು ಕಳವಾದ ಪ್ರಕರಣದಲ್ಲಿ. ಪಾಲಿಸಿಯಲ್ಲಿ ಬಲಪ್ರಯೋಗ ಎಂದು ಬರೆದಿದ್ದರೆ ಬಲಪ್ರಯೋಗ ಆಗಿರಲೇಬೇಕು, ಒಪ್ಪಂದದ ಪದಗಳನ್ನು ನ್ಯಾಯಾಲಯ ಬದಲಿಸಲಾಗದು ಎಂಬುದು ಅದರ ಸಾರ.

ಆಗ ನಮಗೆ ಬೇಕಾದವರೊಬ್ಬರು ದಾರಿ ಹೇಳಿದರು. "ಬೈಕಿನಲ್ಲಿ ಇಬ್ಬರು ಬಂದು ಕಿತ್ಕೊಂಡು ಹೋದ್ರು ಅಂತ ಹೊಸ ದೂರು ಕೊಡಿ. ಎಲ್ಲರೂ ಹಂಗೇ ಮಾಡೋದು." ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ ಎಂದು ಬರೆದರೆ ಅದೇ ಸುಳ್ಳಾಗುತ್ತದೆ. ಉಳಿದ ಆರು ಕಂತು ನೆನಪಾಗಿ ಒಂದು ರಾತ್ರಿ ಯೋಚಿಸಿದೆ. ಫೋನು ಹೋದರೂ ಕಂತು ನಿಲ್ಲುವುದಿಲ್ಲ, ತಪ್ಪಿದರೆ ದಂಡ ಬೇರೆ. ಆದರೆ ಅಮ್ಮಿ ಕೇಳಿದ್ದು ಬೇರೆಯೇ ಪ್ರಶ್ನೆ. "ಪೊಲೀಸರು ಯಾರೋ ಇಬ್ಬರು ಹುಡುಗರನ್ನ ಹಿಡ್ಕೊಂಡು ಬಂದು, ಇವರೇನಾ ಅಂತ ಕೇಳಿದರೆ ಏನು ಹೇಳ್ತೀರಾ?" ಕಿತ್ತುಕೊಂಡು ಓಡುವುದಕ್ಕೆ ಈಗಿನ ಭಾರತೀಯ ನ್ಯಾಯ ಸಂಹಿತೆಯ 304ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು. ಅಣ್ಣ ಅದರ ಮೇಲೆ ಮಾತಾಡಲಿಲ್ಲ. ಪರಮ ವಿಶ್ವಾಸ ತತ್ವವನ್ನು ಪರೀಕ್ಷೆಯಲ್ಲಿ ನಾನು ಅರ್ಧ ಪುಟ ಬರೆದಿದ್ದೆ, ಅಮ್ಮಿ ಆ ಪುಸ್ತಕ ಮುಟ್ಟಿಯೂ ಇಲ್ಲ.

ಅಣ್ಣ ಠಾಣೆಗೆ ಹೋಗಿ ನಡೆದದ್ದನ್ನಷ್ಟೇ ಬರೆದುಕೊಟ್ಟ. ಜನಜಂಗುಳಿ ಇತ್ತು, ಯಾರೋ ತೆಗೆದಿರಬಹುದೆಂದು ಅನುಮಾನ, ಯಾರನ್ನೂ ನೋಡಿಲ್ಲ ಎಂದು. ಇದರಿಂದ ವಿಮೆ ಸಿಗದು, ಆದರೆ ಫೋನು ಸಿಕ್ಕರೆ ಅದು ನಮ್ಮದೇ. (ಕಂಪನಿ ಹಣ ಕೊಟ್ಟ ಮೇಲೆ ಫೋನು ಸಿಕ್ಕಿದ್ದರೆ ಅದು ಕಂಪನಿಯ ಪಾಲು. ನಮಗೆ ಎಂದೂ ಅರ್ಥವಾಗದ ಸಬ್ರೊಗೇಶನ್ ತತ್ವ ಇದೇ.)

ಹಾಗಾದರೆ ನಮ್ಮ ದೂರು ಯಾವುದರ ಮೇಲೆ? ತಿರಸ್ಕಾರದ ಮೇಲಲ್ಲ, ಮಾರಾಟದ ಮೇಲೆ. ಷರತ್ತು ತೋರಿಸದೆ "ಏನೇ ಆದ್ರೂ" ಎಂದು ಹೇಳಿ ಮಾರಿದ್ದು ಸರಿಯೇ ಎಂದು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರೆದಿದ್ದೇವೆ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ, ಶುಲ್ಕವಿಲ್ಲ, ವಕೀಲರು ಬೇಡ, ಒಂದು ವರ್ಷದೊಳಗೆ ಹೋಗಬೇಕು. ಗ್ರಾಹಕ ಆಯೋಗಕ್ಕೆ ಎರಡು ವರ್ಷ ಕಾಲಾವಕಾಶ ಇದೆ, ಐದು ಲಕ್ಷದವರೆಗೆ ಅಲ್ಲಿಯೂ ಶುಲ್ಕವಿಲ್ಲ. ಸಲಹೆಗೆ 1915ಕ್ಕೆ ಕರೆ ಮಾಡಬಹುದು. ಆದರೆ ಮೊದಲು ನಿಮ್ಮ ಕಾಗದದಲ್ಲಿ ವಿಮಾ ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ ಇದೆಯೇ ನೋಡಿ. ಕೆಲವು ಅಂಗಡಿಗಳಲ್ಲಿ ಕೊಡುವ "ಪ್ರೊಟೆಕ್ಷನ್ ಪ್ಲಾನ್" ವಿಮೆಯೇ ಅಲ್ಲ. ಹಾಗಿದ್ದರೆ ಓಂಬುಡ್ಸ್‌ಮನ್ ಬಳಿ ಹೋಗಲಾಗದು, ಗ್ರಾಹಕ ಆಯೋಗವೇ ಗತಿ.

ಕಂಪನಿಯ ಉತ್ತರ ಇನ್ನೂ ಬಂದಿಲ್ಲ. ಅಣ್ಣ ಅಬ್ಬುವಿನ ಹಳೆಯ ಕೀಪ್ಯಾಡ್ ಫೋನು ಹಿಡಿದು ಕೆಲಸಕ್ಕೆ ಹೋಗುತ್ತಾನೆ. ಪ್ರತಿ ತಿಂಗಳು 5ನೇ ತಾರೀಖು ಕಂತಿನ ಹಣ ಖಾತೆಯಿಂದ ಹೋಗುತ್ತಿದೆ. ಇನ್ನು ಮೂರು ಉಳಿದಿವೆ.