2147483647 ಅವಿಭಾಜ್ಯವೇ?

1ಕ್ಕಿಂತ ದೊಡ್ಡದಾಗಿದ್ದು, 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆಯೇ ಅವಿಭಾಜ್ಯ ಸಂಖ್ಯೆ. 7, 13, 31 ಅಂದರೆ ಬಾಯಲ್ಲೇ ಹೇಳಿಬಿಡುತ್ತೇವೆ. ಆದರೆ 214 ಕೋಟಿ 74 ಲಕ್ಷ 83 ಸಾವಿರದ 647 ಅವಿಭಾಜ್ಯವೋ ಅಲ್ಲವೋ ಅಂತ ಹೇಗೆ ಹೇಳೋದು?

ಈ ಸಂಖ್ಯೆ 2³¹ − 1. ಇದರ ಅಣ್ಣ ತಮ್ಮಂದಿರನ್ನು ನೋಡಿ:

2² − 1 = 3
2³ − 1 = 7
2⁵ − 1 = 31
2⁷ − 1 = 127

ಎಲ್ಲವೂ ಅವಿಭಾಜ್ಯ. ಘಾತಸೂಚಿ ಅವಿಭಾಜ್ಯವಾದರೆ ಉತ್ತರವೂ ಅವಿಭಾಜ್ಯ ಅಂತ ಅನ್ನಿಸುತ್ತದೆ ಅಲ್ಲವೇ? ಸ್ವಲ್ಪ ತಡೆಯಿರಿ. 2¹¹ − 1 = 2047 = 23 × 89. ನಾಲ್ಕು ಸಲ ಸರಿ ಬಂದದ್ದು ಐದನೇ ಸಲ ಕೈಕೊಟ್ಟಿತು! ಫ್ರಾನ್ಸಿನ ಪಾದ್ರಿ ಮರ್ಸೆನ್ 1644ರಲ್ಲಿ ಕೊಟ್ಟ ಪಟ್ಟಿಯಲ್ಲಿ 2⁶⁷ − 1 ಕೂಡ ಅವಿಭಾಜ್ಯ ಎಂದಿತ್ತು. 1903ರಲ್ಲಿ ಅಮೆರಿಕದ ಕೋಲ್ ಅದನ್ನು 193707721 × 761838257287 ಎಂದು ಒಡೆದು ತೋರಿಸಿದರು. ಆದ್ದರಿಂದ ಅಂದಾಜು ಸಾಲದು, ಸಾಧಿಸಿ ತೋರಿಸಬೇಕು.

ನಮ್ಮ ಸಂಖ್ಯೆಗೆ ಭಾಜಕ ಇದ್ದರೆ, ಒಂದು ಭಾಜಕವಾದರೂ ವರ್ಗಮೂಲದೊಳಗೆ, ಅಂದರೆ 46340ರೊಳಗೆ ಸಿಗಲೇಬೇಕು. ಯಾಕೆ? ಎರಡೂ ಅದಕ್ಕಿಂತ ದೊಡ್ಡವಾದರೆ ಗುಣಲಬ್ಧ ಮಿತಿ ಮೀರುತ್ತದೆ. ಆದರೂ 46340ರೊಳಗೆ 4792 ಅವಿಭಾಜ್ಯಗಳಿವೆ. ಅಷ್ಟೂ ಭಾಗಾಕಾರ ಯಾರು ಮಾಡ್ತಾರೆ?

ಇಲ್ಲಿ ಎರಡು ನಿಯಮಗಳು ಸಹಾಯಕ್ಕೆ ಬರುತ್ತವೆ. ಘಾತಸೂಚಿ 2ಕ್ಕಿಂತ ದೊಡ್ಡ ಅವಿಭಾಜ್ಯವಾಗಿದ್ದರೆ:

1. ಭಾಜಕವನ್ನು ಘಾತಸೂಚಿಯ ಎರಡರಷ್ಟರಿಂದ ಭಾಗಿಸಿದರೆ ಶೇಷ 1 ಬರಬೇಕು.
2. ಭಾಜಕವನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಬರಬೇಕು.

2047ಕ್ಕೆ ಹಚ್ಚಿ ನೋಡೋಣ. ಮೊದಲ ನಿಯಮದಂತೆ 23, 45, 67, 89... ಎರಡನೇ ನಿಯಮದಿಂದ 45, 67 ಬಿದ್ದುಹೋದವು. ಉಳಿದದ್ದು 23 ಮತ್ತು 89. ಅವೇ ಅದರ ಭಾಜಕಗಳು!

ನಮ್ಮ ದೊಡ್ಡ ಸಂಖ್ಯೆಗೆ ಹೀಗೆ ಸೋಸಿದರೆ ಮೊದಲು ಸಿಗುವ ಅವಿಭಾಜ್ಯ 311. ನಾನು ಭಾಗಿಸಿ ನೋಡಿದೆ: ಭಾಗಲಬ್ಧ 6905092, ಶೇಷ 35. ಭಾಗವಾಗಲಿಲ್ಲ. ಇಂಥವು 46340ರೊಳಗೆ ನೂರಕ್ಕಿಂತ ಕಡಿಮೆ. 4792 ಎಲ್ಲಿ, ನೂರು ಎಲ್ಲಿ!

ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ರಷ್ಯಾದಲ್ಲಿ ನೆಲೆಸಿದ್ದ ಆಯ್ಲರ್ ಹೀಗೇ ಸೋಸಿ, 2147483647 ಅವಿಭಾಜ್ಯವೇ ಎಂದು 1772ರಲ್ಲಿ ತಿಳಿಸಿದರು. ಆಗ ಅವರಿಗೆ ಕಣ್ಣು ಹೆಚ್ಚುಕಡಿಮೆ ಕಾಣುತ್ತಲೇ ಇರಲಿಲ್ಲ. 2024ರಲ್ಲಿ ಕಂಪ್ಯೂಟರುಗಳ ನೆರವಿನಿಂದ ಸಿಕ್ಕ ಇದೇ ಜಾತಿಯ ಅವಿಭಾಜ್ಯ ಸಂಖ್ಯೆಗೆ 4 ಕೋಟಿಗೂ ಹೆಚ್ಚು ಅಂಕಿಗಳಿವೆ. ಆದರೆ ದಾರಿ ಅದೇ: ಲೆಕ್ಕ ಮಾಡುವ ಮೊದಲು ಯಾವ ಲೆಕ್ಕ ಬೇಡ ಎಂದು ಯೋಚಿಸುವುದು.

ನಿಮಗೊಂದು ಪ್ರಶ್ನೆ: 2²³ − 1 = 8388607. ಇದು ಅವಿಭಾಜ್ಯವೇ? ಎರಡು ನಿಯಮಗಳನ್ನೂ ಹಚ್ಚಿ. ಒಂದೇ ಭಾಗಾಕಾರ ಸಾಕು. ಉತ್ತರ ಮುಂದಿನ ಸಂಚಿಕೆಯಲ್ಲಿ.