ಮುಖ ಕೆಂಪಾಯಿತೆಂದು ಪ್ರಿಂಟರನ್ನು ಬೈಯಬೇಡಿ

ಮದುವೆಯ ಫೋಟೊವನ್ನು ಗೋಡೆಯಳತೆಗೆ ದೊಡ್ಡದು ಮಾಡಿಸಿದವರು, ಪ್ರದರ್ಶನಕ್ಕೆಂದು ಇಪ್ಪತ್ತು–ಮೂವತ್ತು ಚಿತ್ರ ಪ್ರಿಂಟ್ ತೆಗೆಸಿದ ಹವ್ಯಾಸಿ ಛಾಯಾಗ್ರಾಹಕರು, ಎಲ್ಲರ ದೂರೂ ಒಂದೇ: ‘ಕಂಪ್ಯೂಟರ್‌ನಲ್ಲಿ ಚೆನ್ನಾಗಿತ್ತು, ಪೇಪರ್ ಮೇಲೆ ಕೆಟ್ಟುಹೋಯಿತು.’ ಮುಖ ಕೆಂಪಾಗಿರುತ್ತದೆ, ಕೂದಲು ಮಸಿಯ ಮುದ್ದೆಯಾಗಿರುತ್ತದೆ. ಇಂಕ್ ಸರಿಯಿಲ್ಲ, ಯಂತ್ರ ಹಳೆಯದು ಎಂದು ಬೈದು ಇನ್ನೊಂದು ಅಂಗಡಿ ಹುಡುಕುತ್ತಾರೆ. ಬಹಳಷ್ಟು ಸಲ ಯಂತ್ರದ್ದೇನೂ ತಪ್ಪಿರುವುದಿಲ್ಲ. ಪ್ರಿಂಟ್ ಗುಂಡಿ ಒತ್ತುವ ಮೊದಲು ಕೊಟ್ಟ ಸೆಟ್ಟಿಂಗ್ ತಪ್ಪಿರುತ್ತದೆ.

ಇಲ್ಲಿ ಹೇಳುತ್ತಿರುವುದು 24 ಅಥವಾ 44 ಇಂಚಿನ ರೋಲ್ ಹಾಕುವ ಫೋಟೊ ಇಂಕ್‌ಜೆಟ್ ಪ್ರಿಂಟರ್‌ಗಳ ಬಗ್ಗೆ. ಎಪ್ಸನ್‌ನ ಶ್ಯೂರ್‌ಕಲರ್, ಕ್ಯಾನನ್‌ನ ಇಮೇಜ್‌ಪ್ರೊಗ್ರಾಫ್ ಇದೇ ಜಾತಿಯವು. ಫ್ಲೆಕ್ಸ್ ಯಂತ್ರದ ಲೆಕ್ಕವೇ ಬೇರೆ. ಪ್ರಿಂಟರ್ ನಿಮ್ಮದೇ ಆಗಿದ್ದರೆ ಸರಿ, ಇಲ್ಲವಾದರೆ ಅಂಗಡಿಯಲ್ಲಿ ಆಪರೇಟರ್ ಪಕ್ಕ ಕುರ್ಚಿ ಹಾಕಿಕೊಂಡು ಕೂತುಕೊಳ್ಳಿ. ಒಳ್ಳೆಯ ಆಪರೇಟರ್ ಬೇಡ ಎನ್ನುವುದಿಲ್ಲ.

ಮೊದಲು ಫೈಲ್ ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊದ ಉದ್ದ ಸುಮಾರು 1,600 ಪಿಕ್ಸೆಲ್‌ಗೆ ಇಳಿದಿರುತ್ತದೆ. ಅದನ್ನು 36 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ ಸಿಗುವುದು 44 ಪಿಕ್ಸೆಲ್ ಮಾತ್ರ. ಅಷ್ಟರಲ್ಲಿ ಯಾವ ಪ್ರಿಂಟರೂ ಕಣ್ಣಿನ ರೆಪ್ಪೆ ಬಿಡಿಸಿ ತೋರಿಸಲಾರದು. ಮೂಲ ಫೈಲನ್ನು ಪೆನ್‌ಡ್ರೈವ್‌ನಲ್ಲಿ ತನ್ನಿ; ವಾಟ್ಸ್‌ಆ್ಯಪ್ಪೇ ಗತಿ ಎಂದಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 6,000 × 4,000 ಪಿಕ್ಸೆಲ್ ಇರುತ್ತದೆ. 30 × 20 ಇಂಚಿಗೆ ತೆಗೆಸಿದರೆ ಇಂಚಿಗೆ 200 ಪಿಕ್ಸೆಲ್ ಬಂತು, ಗೋಡೆಗೆ ಹಾಕಿ ನಾಲ್ಕಡಿ ದೂರದಿಂದ ನೋಡುವ ಚಿತ್ರಕ್ಕೆ ಧಾರಾಳವಾಯಿತು. 150 ಇದ್ದರೂ ನಡೆಯುತ್ತದೆ. 300 ಬೇಕೇಬೇಕು ಎನ್ನುವುದು ಕೈಯಲ್ಲಿ ಹಿಡಿದು ನೋಡುವ ಆಲ್ಬಮ್‌ಗೆ. ಫೋಟೊಶಾಪ್‌ನ ಇಮೇಜ್ ಸೈಜ್‌ನಲ್ಲಿ ‘ರೀಸ್ಯಾಂಪಲ್’ ಟಿಕ್ ತೆಗೆದು, ಅಗಲವನ್ನು ಇಂಚಿನಲ್ಲಿ ಕೊಟ್ಟು, ರೆಸಲ್ಯೂಷನ್ ಎಷ್ಟು ಬರುತ್ತದೆ ನೋಡಿ. ಟಿಕ್ ಹಾಗೇ ಬಿಟ್ಟು 300 ಎಂದು ಟೈಪ್ ಮಾಡಿದರೆ ಫೈಲ್ ದಪ್ಪವಾಗುತ್ತದೆಯೇ ಹೊರತು ಇಲ್ಲದ ವಿವರ ಹುಟ್ಟುವುದಿಲ್ಲ.

ಬಣ್ಣದ ವಿಧಾನ ಆರ್‌ಜಿಬಿಯಲ್ಲೇ ಇರಲಿ. ‘ಪ್ರಿಂಟ್ ಎಂದರೆ ಸಿಎಂವೈಕೆ’ ಎಂಬ ಪಾಠ ಆಫ್‌ಸೆಟ್ ಪ್ರೆಸ್‌ನಿಂದ ಬಂದದ್ದು. ಫೋಟೊ ಪ್ರಿಂಟರ್‌ಗಳಲ್ಲಿ ಎಂಟು, ಹತ್ತು, ಕೆಲವದರಲ್ಲಿ ಅದಕ್ಕೂ ಹೆಚ್ಚು ಇಂಕ್ ಇರುತ್ತದೆ. ಆದರೂ ಅವುಗಳ ಡ್ರೈವರ್ ಕೇಳುವುದು ಆರ್‌ಜಿಬಿ ಫೈಲನ್ನೇ. ಮೊದಲೇ ಸಿಎಂವೈಕೆ ಮಾಡಿಕೊಟ್ಟರೆ ರೇಷ್ಮೆ ಸೀರೆಯ ಹೊಳಪು ಪ್ರಿಂಟರ್ ಮುಟ್ಟುವ ಮುಂಚೆಯೇ ಹೋಗಿರುತ್ತದೆ. ಗೊಂದಲವಿದ್ದರೆ ಎಸ್‌ಆರ್‌ಜಿಬಿ ಆರಿಸಿ, ಸೇವ್ ಮಾಡುವಾಗ ಪ್ರೊಫೈಲ್ ಸೇರಿಸುವ ಟಿಕ್ ಬಿಡಬೇಡಿ.

ಇನ್ನು ‘ಮೀಡಿಯಾ ಟೈಪ್’. ಹೆಸರು ನೋಡಿ ಇದು ಪೇಪರ್‌ನ ವಿವರ ಅಷ್ಟೇ ಎಂದುಕೊಳ್ಳುವವರು ಬಹಳ. ಎಷ್ಟು ಇಂಕ್ ಸುರಿಯಬೇಕು, ಹೆಡ್ ಎಷ್ಟು ಎತ್ತರದಲ್ಲಿ ಓಡಬೇಕು, ಯಾವ ಕಪ್ಪು ಬಳಸಬೇಕು, ಇಷ್ಟನ್ನೂ ತೀರ್ಮಾನಿಸುವುದು ಅದೇ. ಈ ಪ್ರಿಂಟರ್‌ಗಳಲ್ಲಿ ಎರಡು ಕಪ್ಪು ಇರುತ್ತವೆ: ಹೊಳಪಿನ ಪೇಪರ್‌ಗೆ ಫೋಟೊ ಬ್ಲ್ಯಾಕ್, ಹತ್ತಿಯ ಮ್ಯಾಟ್ ಪೇಪರ್‌ಗೆ ಮ್ಯಾಟ್ ಬ್ಲ್ಯಾಕ್. ಮ್ಯಾಟ್ ಪೇಪರ್ ಹಾಕಿ ಲಸ್ಟರ್ (ಅರೆಹೊಳಪು) ಎಂದು ಆರಿಸಿದರೆ ಕಪ್ಪು ಕೂದಲು ಬೂದಿ ಬಳಿದಂತೆ ಬರುತ್ತದೆ. ಹೊಳಪಿನ ಪೇಪರ್ ಮೇಲೆ ಮ್ಯಾಟ್ ಬ್ಲ್ಯಾಕ್ ಬಿದ್ದರೆ ಅದು ಹಿಡಿಯುವುದೇ ಇಲ್ಲ, ಬೆರಳು ತಾಕಿದರೆ ಒರೆಸಿಕೊಂಡು ಬರುತ್ತದೆ. ಹಳೆಯ ಕೆಲವು ಮಾದರಿಗಳಲ್ಲಿ ಎರಡು ಕಪ್ಪಿಗೂ ದಾರಿ ಒಂದೇ. ಬದಲಿಸುವಾಗಲೆಲ್ಲ ಇಂಕ್ ಪೋಲಾಗುತ್ತದೆ, ಹೊತ್ತೂ ಹಿಡಿಯುತ್ತದೆ. ಹಾಗಾಗಿ ಒಂದೇ ಪ್ರಿಂಟ್‌ಗೆ ಬದಲಿಸಲು ಅಂಗಡಿಯವರು ಹಿಂದೆಮುಂದೆ ನೋಡುತ್ತಾರೆ. ಯಾವ ಕಪ್ಪು ಚಾಲ್ತಿಯಲ್ಲಿದೆ ಎಂದು ಪೇಪರ್ ಆರಿಸುವ ಮೊದಲೇ ಕೇಳಿಬಿಡಿ.

ಈಗ ಕೆಂಪು ಮುಖದ ವಿಷಯ. ಮಿಕ್ಕದ್ದೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ.

ಫೈಲ್‌ನಲ್ಲಿರುವ ಬಣ್ಣವನ್ನು ಆಯಾ ಪೇಪರ್‌ಗೆ ತಕ್ಕಂತೆ ಯಾರಾದರೂ ಹೊಂದಿಸಲೇಬೇಕು. ಈ ಕೆಲಸ ಫೋಟೊಶಾಪ್ ಮಾಡಬಲ್ಲದು, ಪ್ರಿಂಟರ್‌ನ ಡ್ರೈವರೂ ಮಾಡಬಲ್ಲದು. ಇಬ್ಬರೂ ಮಾಡಿದರೆ ಚಿತ್ರ ಕೆಡುತ್ತದೆ. ಫೋಟೊಶಾಪ್ ಒಮ್ಮೆ ಹೊಂದಿಸಿ ಕಳಿಸಿದ ಅಂಕಿಗಳನ್ನು ಡ್ರೈವರ್ ಹಸಿ ಫೈಲ್ ಎಂದೇ ತಿಳಿದು ತನ್ನ ಲೆಕ್ಕದಲ್ಲಿ ಮತ್ತೊಮ್ಮೆ ತಿದ್ದುತ್ತದೆ. ತಿದ್ದುಪಡಿಯ ಮೇಲೆ ತಿದ್ದುಪಡಿ ಬಿದ್ದು ಸಾಮಾನ್ಯವಾಗಿ ಮಜೆಂಟಾ ಏರುತ್ತದೆ, ನೆರಳು ಕಪ್ಪಾಗುತ್ತದೆ. ಕೆಂಪು ಸೀರೆಯಲ್ಲಿ ಇದು ತಿಳಿಯುವುದಿಲ್ಲ, ಕೆನ್ನೆಯಲ್ಲಿ, ವರನ ಬಿಳಿ ಪಂಚೆಯಲ್ಲಿ ಥಟ್ಟನೆ ಕಾಣುತ್ತದೆ.

ದಾರಿ ಹೀಗೆ. ಫೋಟೊಶಾಪ್‌ನ ಪ್ರಿಂಟ್ ಕಿಟಕಿಯಲ್ಲಿ ‘ಕಲರ್ ಹ್ಯಾಂಡ್ಲಿಂಗ್’ ಎಂಬಲ್ಲಿ ‘ಫೋಟೊಶಾಪ್ ಮ್ಯಾನೇಜಸ್ ಕಲರ್ಸ್’ ಆರಿಸಿ. ಕೆಳಗೆ ಪ್ರಿಂಟರ್ ಪ್ರೊಫೈಲ್ ಕೇಳುತ್ತದೆ. ನಿಮ್ಮ ಪ್ರಿಂಟರ್ ಮಾದರಿ ಮತ್ತು ಹಾಕಿರುವ ಪೇಪರ್ ಎರಡಕ್ಕೂ ಹೊಂದುವ ಐಸಿಸಿ ಪ್ರೊಫೈಲ್ (ಬಣ್ಣ ಹೊಂದಿಸುವ ಲೆಕ್ಕವಿರುವ ಫೈಲ್) ಕೊಡಿ. ಹಾನೆಮ್ಯೂಲೆಯಂಥ ಪೇಪರ್ ಕಂಪನಿಗಳು ಇದನ್ನು ತಮ್ಮ ಜಾಲತಾಣದಲ್ಲಿ ಉಚಿತವಾಗಿ ಕೊಡುತ್ತವೆ, ಯಾವ ಮೀಡಿಯಾ ಟೈಪ್ ಇಡಬೇಕೆಂದೂ ತಿಳಿಸುತ್ತವೆ. ಆಮೇಲೆ, ಇಲ್ಲೇ ಎಲ್ಲರೂ ಎಡವುವುದು, ‘ಪ್ರಿಂಟ್ ಸೆಟ್ಟಿಂಗ್ಸ್’ ಒತ್ತಿ ಡ್ರೈವರ್ ಒಳಗೆ ಹೋಗಿ ಅದರ ಬಣ್ಣ ತಿದ್ದುವಿಕೆಯನ್ನು ಪೂರ್ತಿ ನಿಲ್ಲಿಸಿ. ಎಪ್ಸನ್‌ನಲ್ಲಿ ಅದು ‘ನೋ ಕಲರ್ ಅಡ್ಜಸ್ಟ್‌ಮೆಂಟ್’. ಕ್ಯಾನನ್‌ನಲ್ಲಿ ಕಲರ್ ಕರೆಕ್ಷನ್ ಬೇಡ ಎನ್ನುವ ಆಯ್ಕೆ. ವಿಂಡೋಸ್‌ನಲ್ಲಿ ಇದನ್ನು ನೀವೇ ನಿಲ್ಲಿಸಬೇಕು, ತಾನಾಗಿ ನಿಲ್ಲುವುದಿಲ್ಲ. ಮೀಡಿಯಾ ಟೈಪ್ ಬದಲಿಸಿದಾಗ, ಡ್ರೈವರ್ ಹೊಸದಾಗಿ ಹಾಕಿದಾಗ ಸೆಟ್ಟಿಂಗ್ ಮೊದಲಿನಂತಾಗಿಬಿಡುವುದುಂಟು. ಅದಕ್ಕೇ ಪ್ರಿಂಟ್ ಒತ್ತುವ ಮುನ್ನ ಕೊನೆಯದಾಗಿ ಇದನ್ನೇ ನೋಡಬೇಕು.

ಪ್ರೊಫೈಲ್ ಸಿಗಲಿಲ್ಲವೇ? ಪೇಪರೂ ಪ್ರಿಂಟರ್ ಕಂಪನಿಯದ್ದೇ ಆಗಿದ್ದರೆ ‘ಪ್ರಿಂಟರ್ ಮ್ಯಾನೇಜಸ್ ಕಲರ್ಸ್’ ಆರಿಸಿ ಎಲ್ಲವನ್ನೂ ಡ್ರೈವರ್‌ಗೇ ಬಿಡಿ. ಫಲಿತಾಂಶ ಚೆನ್ನಾಗಿಯೇ ಬರುತ್ತದೆ, ಅದರಲ್ಲಿ ಕೀಳೇನೂ ಇಲ್ಲ. ಒಟ್ಟಿನಲ್ಲಿ ಹೊಂದಿಸುವವರು ಒಬ್ಬರೇ ಇರಬೇಕು. ಇಬ್ಬರೂ ಕೈಬಿಟ್ಟರೆ ಚಿತ್ರ ಪೇಲವವಾಗುತ್ತದೆ. ಕೆಂಪು–ಕಪ್ಪಾಗಿದ್ದರೆ ಇಬ್ಬರೂ ಕೈಹಾಕಿದ್ದಾರೆ ಎಂದು ಮೊದಲು ಅನುಮಾನಿಸಿ.

‘ಸಾರ್, ಸ್ವಲ್ಪ ಮಜೆಂಟಾ ಇಳಿಸ್ತೀನಿ, ಸರಿಹೋಗುತ್ತೆ’ ಎಂದು ಆಪರೇಟರ್ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಫೈಲ್‌ನಲ್ಲಿ ಮಜೆಂಟಾ ಇಳಿಸಿದರೆ ಆ ಒಂದು ಪ್ರಿಂಟ್ ಹೇಗೋ ದಾಟಬಹುದು. ಅದೇ ಫೈಲ್ ನಾಳೆ ಸೆಟ್ಟಿಂಗ್ ಸರಿಯಿರುವ ಯಂತ್ರಕ್ಕೆ ಹೋದಾಗ ಮುಖ ಹಸಿರಾಗುತ್ತದೆ. ತಪ್ಪು ಎಲ್ಲಿದೆಯೋ ಅಲ್ಲೇ ತಿದ್ದಿಸಿ.

ಪೂರ್ತಿ ಅಳತೆಯ ಪ್ರಿಂಟ್‌ಗೆ ಮೊದಲು ಪರೀಕ್ಷೆಗೆಂದು ಒಂದು ಪಟ್ಟಿ ತೆಗೆಸಿ. ಇಡೀ ಚಿತ್ರವನ್ನು ಚಿಕ್ಕದಾಗಿಸಿ ತೆಗೆಸಿದರೆ ಮಸುಕು, ಕಾಳುಕಾಳಾದ ನಾಯ್ಸ್ ಯಾವುದೂ ಗೊತ್ತಾಗುವುದಿಲ್ಲ. ನಿಜ ಅಳತೆಯಲ್ಲೇ ಕತ್ತರಿಸಿದ ಆರಿಂಚಿನ ತುಂಡು ಬೇಕು: ಕೆನ್ನೆ, ಕೂದಲಿನ ಗಾಢ ನೆರಳು, ಜರಿಯ ಅಂಚು ಮೂರೂ ಅದರೊಳಗೆ ಬರಲಿ. ಪಕ್ಕದಲ್ಲಿ ಬರೀ ಬೂದುಬಣ್ಣದ ಒಂದು ಚೌಕ ಇರಲಿ. ಆ ಚೌಕಕ್ಕೆ ಗುಲಾಬಿಯೋ ಹಸಿರೋ ಛಾಯೆ ಬಂದರೆ ಅಲ್ಲೇ ನಿಲ್ಲಿಸಿ. ಕಿಟಕಿಯ ಬೆಳಕಿಗೆ ತಂದು ನೋಡಿ, ಅಂಗಡಿಯ ಎಲ್‌ಇಡಿ ದೀಪವನ್ನು ನಂಬಬೇಡಿ. ಇಡೀ ಚಿತ್ರ ಕಪ್ಪಗೆ ಕಂಡರೂ ಬೂದು ಚೌಕ ಛಾಯೆಯಿಲ್ಲದೆ ಬಂದಿದ್ದರೆ ನಿಮ್ಮ ಪರದೆಯ ಬೆಳಕೇ ಅತಿಯಾಗಿದೆ, ಅದನ್ನು ತಗ್ಗಿಸಿ ಮತ್ತೆ ನೋಡಿ. ಯಕ್ಷಗಾನದ ವೇಷದಂಥ ಕಡುಗೆಂಪು ಇರುವ ಚಿತ್ರವನ್ನು ಮ್ಯಾಟ್ ಪೇಪರ್‌ಗೆ ಹಾಕುವುದಾದರೆ ‘ಪ್ರೂಫ್ ಸೆಟಪ್’ನಲ್ಲಿ ಅದೇ ಪ್ರೊಫೈಲ್ ಕೊಟ್ಟು ಪರದೆಯ ಮೇಲೇ ನೋಡಿಕೊಳ್ಳಿ, ಅಷ್ಟು ಕೆಂಪನ್ನು ಮ್ಯಾಟ್ ತಾಳಲಾರದು, ಲಸ್ಟರ್ ವಾಸಿ.

ಗುಣಮಟ್ಟಕ್ಕೆ 2880 × 1440 ಆರಿಸಬೇಕೆಂದು ಹಟ ಮಾಡಬೇಡಿ. ಅದು ಇಂಕ್ ಹನಿಗಳ ಲೆಕ್ಕ, ಫೋಟೊದ ಪಿಕ್ಸೆಲ್‌ಗೂ ಅದಕ್ಕೂ ಸಂಬಂಧವಿಲ್ಲ. ಗೋಡೆಯ ಚಿತ್ರಕ್ಕೆ 1440 × 720 ಸಾಕು. ‘ಹೈ ಸ್ಪೀಡ್’ ಆಯ್ಕೆಯ ಟಿಕ್ ಮಾತ್ರ ತೆಗೆಸಿಬಿಡಿ. ಮೊದಲೇ ನಾಜಲ್ ಚೆಕ್ ಮಾಡಿಸಿ, ಒಂದು ಗೆರೆ ತುಂಡಾಗಿದ್ದರೂ ಕ್ಲೀನ್ ಮಾಡಿಸಿ.

ಕಪ್ಪು–ಬಿಳುಪು ಚಿತ್ರಕ್ಕೆ ಎಪ್ಸನ್‌ನ ‘ಅಡ್ವಾನ್ಸ್‌ಡ್ ಬ್ಲ್ಯಾಕ್ ಆ್ಯಂಡ್ ವೈಟ್’ ಬಳಸಿ. ಆಗ ಹಿಡಿತ ಡ್ರೈವರ್‌ನದು, ಫೋಟೊಶಾಪ್‌ನಲ್ಲಿ ಪ್ರೊಫೈಲ್ ಕೊಡಬೇಡಿ. ಕ್ಯಾನ್ವಾಸನ್ನು ಮರದ ಚೌಕಟ್ಟಿಗೆ ಬಿಗಿಸುವುದಿದ್ದರೆ ನಾಲ್ಕೂ ಬದಿಗೆ ಎರಡೆರಡು ಇಂಚು ಹೆಚ್ಚು ಬಿಡಿ. ಪೇಪರ್ ಪ್ರಿಂಟನ್ನು ಒಂದು ದಿನ ಒಣಗಲು ಬಿಟ್ಟು ಆಮೇಲೆ ಗಾಜು ಹಾಕಿಸಿ, ಗಾಜಿಗೂ ಚಿತ್ರಕ್ಕೂ ನಡುವೆ ಮೌಂಟ್‌ಬೋರ್ಡ್ ಇರಲಿ.